ಗುಡ್ಡಕ್ಕೆ ಬೇಲಿ, ನನಗೆ ಶಾಲು

ನಾನು ಅಧ್ಯಕ್ಷನಾಗಿದ್ದ ಕಾಡಿನೊಳಗೆ ನುಗ್ಗಿದ ತಪ್ಪಿಗೆ ನನ್ನನ್ನೇ ಹಿಡಿದರು. ಹಿಡಿದವನು ನನ್ನ ಚಿಕ್ಕಪ್ಪನ ಮಗ ಮಾರುತೇಶ, ಕಂಪನಿಯ ವಾಚರ್. ಹಿಡಿಸಿದವನು ಕಂಪನಿಯ ಮ್ಯಾನೇಜರ್ ಬಸವೇಶ್. ಹಿಡಿದ ಜಾಗದಲ್ಲಿ ಒಂದು ದೊಡ್ಡ ಬೋರ್ಡಿತ್ತು. ಅದರಲ್ಲಿ ಹೆಗಲ ಮೇಲೆ ಕುರಿಮರಿ ಹೊತ್ತು ಹಲ್ಲು ಬಿಟ್ಟುಕೊಂಡು ನಿಂತವನೂ ನಾನೇ. ಕೆಳಗೆ ‘ಕಾಡು ಕಾಯುವ ಕೈಗಳು’ ಎಂದು ಬರೆದಿತ್ತು. ಚಿತ್ರದಲ್ಲಿ ನನ್ನ ಕೈ ಕಾಣುತ್ತಿರಲಿಲ್ಲ. ಮೀಸೆ ಕಾಣುತ್ತಿತ್ತು.

“ಕಿವಿ ಹಿಡ್ಕಳಾಕೆ ಹೇಳು,” ಎಂದ ಬಸವೇಶ್.

ಮಾರುತೇಶ ನೆಲ ನೋಡಿದ. “ಸಾರ್, ನಮ್ಮಣ್ಣ ಆಗ್ಬೇಕು. ಅಧ್ಯಕ್ಷ್ರು ಬೇರೆ.”

“ಅಧ್ಯಕ್ಷ್ರಾದ್ರೇನು? ರೂಲ್ಸ್ ಎಲ್ಲಾರಿಗೂ ಒಂದೇ. ಇವತ್ತು ಇವರನ್ನ ಬಿಟ್ರೆ ನಾಳೆ ಇಡೀ ಹಟ್ಟಿ ಬರ್ತೈತೆ. ಬಸ್ಕಿ ಹೊಡೀಲಿ.”

ಬಸವೇಶ್ ಹೊಳಲ್ಕೆರೆ ಕಡೆಯವನು. ಕೆಟ್ಟ ಮಾತು ಆಡುವವನಲ್ಲ. ಯಾರ ಮೇಲೂ ಕೈ ಮಾಡಿದವನಲ್ಲ. ಬಸ್ಕಿಯನ್ನು ಅವನು ವ್ಯಾಯಾಮ ಎನ್ನುತ್ತಿದ್ದ.

ಹೊಡೆದೆ. ಮಂಡಿ ಚಟಚಟ ಎಂದಿತು. ಬಿಸಿಲಿಗೆ ಕಾದ ನೊರಜುಗಲ್ಲು ಚಪ್ಪಲಿ ದಾಟಿ ಅಂಗಾಲು ಸುಟ್ಟಿತು. ನಡುವೆ ಪಂಚೆ ಸಡಿಲವಾಯಿತು. ಕಿವಿ ಬಿಟ್ಟರೆ ರೂಲ್ಸು ತಪ್ಪುತ್ತದೆ, ಪಂಚೆ ಬಿಟ್ಟರೆ ಮಾನ ಹೋಗುತ್ತದೆ. ಒಂದು ಕೈಯಲ್ಲಿ ಕಿವಿ, ಇನ್ನೊಂದು ಕೈಯಲ್ಲಿ ಪಂಚೆ ಹಿಡಿದು ಏಳುತ್ತ ಕೂರುತ್ತ ಇದ್ದೆ. ಬೋರ್ಡಿನ ಮೇಲಿದ್ದ ನಾನು ನಗುತ್ತಲೇ ಇದ್ದೆ. ಜೊತೆಗೆ ನುಗ್ಗಿದ್ದ ನನ್ನ ಕುರಿಗಳು ಮೇಯುವುದು ನಿಲ್ಲಿಸಿ ನನ್ನನ್ನೇ ನೋಡಿದವು. ಅದುವರೆಗೆ ಅವುಗಳ ಮುಂದಾದರೂ ಒಂದಿಷ್ಟು ಮರ್ಯಾದೆ ಉಳಿಸಿಕೊಂಡಿದ್ದೆ.

ನನ್ನ ಹೆಸರು ಪರಮೇಶ್. ಹೊಸದುರ್ಗದಿಂದ ಮಾರಿಕಣಿವೆ ಕಡೆಗೆ ಬರುವಾಗ ಸಿಗುವ ಬೋರನಗುಡ್ಡದ ಬುಡದಲ್ಲಿ ನಮ್ಮ ಹಟ್ಟಿ. ನಾವು ಕಾಡುಗೊಲ್ಲರು. ಕುರಿ ಬಿಟ್ಟರೆ ಬೇರೆ ಕಸುಬು ಬರುವುದಿಲ್ಲ. ನನಗೆ ಕುರಿಯೂ ಅಷ್ಟಕ್ಕಷ್ಟೇ ಎಂದು ನಮ್ಮವ್ವ ಬೊಮ್ಮಕ್ಕ ಹೇಳುತ್ತಾಳೆ. ಪಿಯುಸಿ ಫೇಲಾಗಿದ್ದೆ. ಮೀಸೆ ಚೆನ್ನಾಗಿ ಬಂದಿತ್ತು. ಕಂಪನಿ ಬಂದಾಗ ಗ್ರಾಮ ಅರಣ್ಯ ಸಮಿತಿಗೆ ಒಬ್ಬ ಅಧ್ಯಕ್ಷ ಬೇಕಾಗಿತ್ತು. ಹಟ್ಟಿಯ ಗಂಡಸರನ್ನೆಲ್ಲ ಬೇವಿನ ಮರದ ಕೆಳಗೆ ನಿಲ್ಲಿಸಿ ಒಬ್ಬೊಬ್ಬರ ಮುಖವನ್ನೂ ಫೋನಿನೊಳಗಿಂದ ನೋಡಿದರು. ನನ್ನ ಹತ್ತಿರ ಬಂದಾಗ ಫೋನು ನಿಂತಿತು. ಹಟ್ಟಿ ನನ್ನನ್ನು ಆರಿಸಿತು ಎಂದು ನಾನು ಬಹಳ ಜನಕ್ಕೆ ಹೇಳಿಕೊಂಡು ತಿರುಗಿದೆ. ಆರಿಸಿದ್ದು ಕ್ಯಾಮೆರಾ.

ಕಂಪನಿಯ ಇಂಗ್ಲಿಷ್ ಹೆಸರು ನಮ್ಮ ಯಾರ ಬಾಯಿಗೂ ಹಿಡಿಯಲಿಲ್ಲ. ನಾವು ಅದನ್ನು ಹೊಗೆ ಕಂಪನಿ ಎಂದೆವು. ಅವರ ಕಡೆಯ ಹುಡುಗಿ ಕಾವ್ಯ, ಚಿತ್ರದುರ್ಗದವಳು, ಹಟ್ಟಿಗೆ ಬಂದು ನೆಲದ ಮೇಲೇ ಕೂತು ವಿವರಿಸಿದ್ದಳು. ಹೊರದೇಶದಲ್ಲಿ ಕಾರ್ಖಾನೆಗಳು ಹೊಗೆ ಬಿಡುತ್ತವೆ. ಅದರಿಂದ ಭೂಮಿ ಕಾಯುತ್ತಿದೆ, ಮಳೆ ದಾರಿ ತಪ್ಪಿದೆ. ಇಲ್ಲಿ ಗಿಡ ಬೆಳೆಸಿದರೆ ಆ ಹೊಗೆಯನ್ನು ಗಿಡಗಳು ಕುಡಿಯುತ್ತವೆ. ಕುಡಿದಷ್ಟಕ್ಕೆ ಅವರು ಕಂಪನಿಗೆ ದುಡ್ಡು ಕೊಡುತ್ತಾರೆ. ಗಿಡ ಉಳಿಯಬೇಕೆಂದರೆ ಕುರಿ ಬರಬಾರದು.

ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು. “ಅಂಗಾರೆ ಅವ್ರು ಉಸುರು ಬಿಡಾಕೆ ನಾವು ಉಸುರು ಹಿಡ್ಕಬೇಕೇನವ್ವ?” ಎಂದಳು.

ಕಾವ್ಯ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. ಅವಳು ಕೆಟ್ಟವಳಲ್ಲ ಎಂದು ನನಗೆ ಆಗಲೇ ಅನಿಸಿತ್ತು.

ಮೊದಲು ಬೇಲಿ ಬಂತು. ಹಟ್ಟಿಯ ಒಪ್ಪಿಗೆ ಆಮೇಲೆ ಬರಬೇಕಿತ್ತು. ಬೇಲಿಯ ಒಳಗೆ ಗುಂಡಿ ತೋಡಲು ನಮ್ಮವರನ್ನೇ ಕೂಲಿಗೆ ಕರೆದರು. ನನ್ನ ಹೆಂಡತಿ ರೋಜಾ ಹೋದಳು, ಅವಳ ಜೊತೆಯ ಹೆಂಗಸರೆಲ್ಲ ಹೋದರು. ಗುಡ್ಡದ ನೆಲ ಗುದ್ದಲಿಗೆ ಬಗ್ಗುವುದಿಲ್ಲ. ಹಾರೆ ಹಾಕಿ ಎಬ್ಬಬೇಕು. ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಮತ್ತೆ ಎದ್ದವು. ಕುರಿ ಮೇಯುವ ಹುಲ್ಲನ್ನು ಬೇರು ಸಮೇತ ಕಿತ್ತು, ಕುರಿ ಮೂಸಿಯೂ ನೋಡದ ಗಿಡ ನೆಟ್ಟರು. ರಾತ್ರಿ ಊಟಕ್ಕೆ ಕೂತಾಗ ರೋಜಾಳಿಗೆ ಮುದ್ದೆ ಮುರಿಯಲು ಆಗುತ್ತಿರಲಿಲ್ಲ. ನಾನು ಅಧ್ಯಕ್ಷನಾದ್ದರಿಂದ ಗುಂಡಿ ತೋಡಲಿಲ್ಲ. ಗುಂಡಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆ.

ಅದೇ ಕಾಲಕ್ಕೆ ಮಳೆ ಹುಚ್ಚೆದ್ದಿತ್ತು. ಬರಬೇಕಾದಾಗ ಬರಲಿಲ್ಲ. ಬಂದಾಗ ಮಾರಿಕಣಿವೆ ಅಣೆಕಟ್ಟು ಕೋಡಿ ಬೀಳುವ ಹಾಗೆ ಬಂತು. ದೊಡ್ಡವರೆಲ್ಲ ಕಾರಿನಲ್ಲಿ ಬಂದು ಬಾಗಿನ ಬಿಟ್ಟು ಹೋದರು. ನಾವೂ ಕೈಮುಗಿದೆವು. ಆ ಹಿನ್ನೀರಿನ ಅಡಿಯಲ್ಲಿ ನಮ್ಮ ಕೆಳಗಿನ ಹುಲ್ಲುಗಾವಲಿತ್ತು. ಕೆಳಗಿನದು ನೀರಿಗೆ ಹೋಯಿತು, ಮೇಲಿನದು ಬೇಲಿಗೆ ಹೋಯಿತು. ನಡುವೆ ಉಳಿದದ್ದು ಟಾರು ರಸ್ತೆ. ಕುರಿ ಟಾರು ಮೇಯುವುದಿಲ್ಲ. ರಸ್ತೆ ಬದಿಯ ಹಸಿರಿಗೆ ಬಾಯಿ ಹಾಕಲು ಹೋಗಿ ಲಾರಿಗೆ ಸಿಕ್ಕವು. ಹಟ್ಟಿಯವರು ಹಿಂಡು ಮಾರತೊಡಗಿದರು.

ಅರಣ್ಯ ಹಕ್ಕು ಕೊಡಿ ಎಂದು ಅರ್ಜಿ ಹಾಕಿದ್ದೆವು. ಅರ್ಜಿ ನೋಡುವ ಸಮಿತಿಯ ಸಾಹೇಬರು ನಮ್ಮನ್ನು ಕರೆಸಿದರು. “ನೀವು ಬುಡಕಟ್ಟಿನ ಪಟ್ಟಿಯಲ್ಲಿ ಇಲ್ಲ. ಆದ್ದರಿಂದ ಮೂರು ತಲೆಮಾರಿನಿಂದ ಇದೇ ಕಾಡನ್ನು ನಂಬಿಕೊಂಡಿದ್ದೀರಿ ಅಂತ ಸಾಕ್ಷಿ ತೋರಿಸಬೇಕು,” ಎಂದರು. ನಮ್ಮ ಸಾಕ್ಷಿ ಗುಡ್ಡದ ಮೇಲಿತ್ತು. ನೆತ್ತಿಯ ಹತ್ತಿರ ಕುರಿ ಕೂಡುವ ಕಲ್ಲಿನ ರೊಪ್ಪ. ಅದರ ಮಗ್ಗುಲಿಗೆ ಸತ್ತ ಹಿರಿಯರ ಕಲ್ಲುಗಳು. ಅಜ್ಜನದು, ಮುತ್ತಜ್ಜನದು, ಅಪ್ಪನದು. ಬಂದು ನೋಡುತ್ತೇವೆ ಎಂದಿದ್ದರು. ಬಂದಿರಲಿಲ್ಲ.

ಹೀಗಿರುವಾಗ ಆ ಮಧ್ಯಾಹ್ನ ನನ್ನ ಕುರಿಗಳು ಬೇಲಿ ಸಡಿಲವಾಗಿದ್ದ ಕಡೆ ನುಸುಳಿದವು. ಅವುಗಳ ಹಿಂದೆ ನಾನೂ ನುಸುಳಿದೆ. ಮಿಕ್ಕದ್ದು ಹೇಳಿದ್ದೇನೆ.

ಬಸ್ಕಿ ಇನ್ನೂ ನಡೆಯುತ್ತಿತ್ತು. ಬಸವೇಶನ ಫೋನು ಬಡಿದುಕೊಂಡಿತು. ಅವನ ದನಿ ಒಮ್ಮೆಲೇ ಮೆತ್ತಗಾಯಿತು.

“ಹೌದು ಸಾರ್... ಅಧ್ಯಕ್ಷರಾ? ನನ್ನ ಎದುರಿಗೇ ಇದ್ದಾರೆ ಸಾರ್. ಆರೋಗ್ಯವಾಗಿದ್ದಾರೆ. ತುಂಬಾ ಚಟುವಟಿಕೆಯಿಂದ ಇದ್ದಾರೆ.”

ಫೋನು ಜೇಬಿಗೆ ಹಾಕಿ ನನ್ನ ಕಡೆ ತಿರುಗಿದ. “ಪರಮೇಶಣ್ಣ, ಏಳ್ರಿ, ಏಳ್ರಿ. ಸಾಕು. ಯಾಕಿನ್ನೂ ಕಿವಿ ಹಿಡ್ಕಂಡಿದ್ದೀರಿ?”

ಬಿಟ್ಟೆ. ಕಿವಿ ಮೊದಲು ಬಿಟ್ಟೆನೋ ಪಂಚೆ ಮೊದಲು ಬಿಟ್ಟೆನೋ ಎಂಬುದು ಹಟ್ಟಿಯಲ್ಲಿ ಇವತ್ತಿಗೂ ಚರ್ಚೆಯಲ್ಲಿದೆ.

“ನಾಳೆ ದುರ್ಗದಾಗೆ ಕಾರ್ಯಕ್ರಮ ಐತೆ,” ಎಂದ ಬಸವೇಶ್. “ಹೊರದೇಶದೋರು ಬರ್ತಾ ಅವ್ರೆ. ಗಿಡಕ್ಕೆ ದುಡ್ಡು ಕೊಡೋರು ಅವ್ರೇ. ನೀವು ಸ್ಟೇಜ್ ಮ್ಯಾಲೆ ನಾಕು ಮಾತು ಓದ್ಬೇಕು. ಹಟ್ಟಿಯೋರು ಸಂತೋಷದಿಂದ ಮೇವು ಬಿಟ್ಕೊಟ್ಟೀವಿ ಅಂತ. ಬರ್ದು ಕೊಡ್ತೀವಿ. ಶಾಲು ಹೊದುಸ್ತಾರೆ.”

“ಕುರಿ?”

“ಕಂಪನಿ ದೊಡ್ಡಿಯಾಗಿರ್ತಾವೆ. ಕಾರ್ಯಕ್ರಮ ಚೆನ್ನಾಗಾದ್ರೆ ಸಂಜಿಗೆ ಬಿಡ್ತೀವಿ. ಇಲ್ಲಾಂದ್ರೆ ಕೇಸು. ನಿಮಗೇ ಗೊತ್ತಲ್ಲ, ನೀವೇ ಅಧ್ಯಕ್ಷ್ರು.”

ಶಾಲು ಎಂದಾಗ ಮಂಡಿ ನೋವು ಸ್ವಲ್ಪ ಇಳಿಯಿತು. ಸುಳ್ಳು ಯಾಕೆ ಹೇಳಲಿ.

ಮಾರುತೇಶ ನನ್ನ ಹಿಂಡನ್ನು ದೊಡ್ಡಿಗೆ ಹೊಡೆದುಕೊಂಡು ಹೋದ. ತಿರುಗಿ ನೋಡಲಿಲ್ಲ. ಅವನ ಮನೆಯಲ್ಲಿ ಕುರಿ ಎಲ್ಲ ಮಾರಿಯಾಗಿತ್ತು. ಆ ಖಾಕಿ ಅಂಗಿಯ ಮೇಲೆಯೇ ಒಲೆ ಉರಿಯುತ್ತಿತ್ತು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಬರಲಿಲ್ಲ.

ಮನೆಗೆ ಬಂದರೆ ಅವ್ವ ಹೊಸ್ತಿಲ ಮೇಲೆ ಕೂತಿದ್ದಳು. ಮುಂದೆ ಅಂಬಲಿಯ ತಂಬಿಗೆ ತುಂಬಿದ್ದು ತುಂಬಿದ ಹಾಗೇ ಇತ್ತು. ಬೆರಳುಗಳ ತುದಿ ಕಿತ್ತು ರಕ್ತ ಒಣಗಿತ್ತು. ಅಪ್ಪ ಸತ್ತ, ವರ್ಷಕ್ಕೊಮ್ಮೆ ಬರುವ ದಿನ ಅವತ್ತು. ಅಪ್ಪನ ಕಲ್ಲಿಗೆ ಅಂಬಲಿ ಎರೆಯಲು ಬೆಳಿಗ್ಗೆಯೇ ಆಚೆ ಮಗ್ಗುಲಿನ ಕಡಿದಾದ ದಾರಿ ಹಿಡಿದು ಗುಡ್ಡ ಹತ್ತಿದ್ದಳು. ನನಗೆ ದಿನ ಮರೆತುಹೋಗಿತ್ತು.

“ಏನಾತವ್ವ?”

“ರೊಪ್ಪ ಇಲ್ಲ.”

“ಇಲ್ಲ ಅಂದ್ರೆ?”

“ಇಲ್ಲ ಅಂದ್ರೆ ಇಲ್ಲ ಕಣ್ಲೇ. ಜೆಸಿಬಿ ಬಿಟ್ಟು ಕಾಲುವೆ ತಗ್ದಾರೆ. ನಾನು ಮಣ್ಣು ಕೆದರಿ ಕೆದರಿ ನೋಡ್ದೆ. ಒಂದು ಕಲ್ಲೂ ಇಲ್ಲ.”

ಒಳಗಿಂದ ರೋಜಾ ಬಂದಳು. ಅವಳಿಗೆ ಗೊತ್ತಿತ್ತು. ಆ ದಿನ ಕೂಲಿಗೆ ಹೋದಾಗ ನೋಡಿ ಬಂದಿದ್ದಳು. ಹೊರದೇಶದವರು ಗುಡ್ಡ ನೋಡಲು ಬಂದರೆ ನಿಂತು ಫೋಟೋ ತೆಗೆಸಿಕೊಳ್ಳಲಿ ಎಂದು ಗೇಟಿನ ಹತ್ತಿರ ಒಂದು ಕಟ್ಟೆ ಕಟ್ಟುತ್ತಿದ್ದರು. ರೊಪ್ಪದ ಕಲ್ಲನ್ನೂ ಹಿರಿಯರ ಕಲ್ಲನ್ನೂ ಟ್ರ್ಯಾಕ್ಟರಿನಲ್ಲಿ ತಂದು ಅಲ್ಲಿ ಸುರಿದಿದ್ದರು. ಕೆಳಸಾಲು ಆಗಲೇ ಕೂರಿಸಿಯೂ ಆಗಿತ್ತು.

ಅವ್ವ ಅಳಲಿಲ್ಲ. “ನಿಮ್ಮಪ್ಪನ್ನ ಕಟ್ಟೆಗೆ ಹಾಕ್ಯಾರೆ,” ಎಂದಳು, ಅಷ್ಟೆ.

ನನ್ನ ಬಾಯಿಂದ ಹೊರಗೆ ಬಂದದ್ದು ಇಷ್ಟು: “ನಾಳೆ ಸಾಹೇಬರ ಹತ್ರ ಮಾತಾಡ್ತೀನಿ.”

“ಅಧ್ಯಕ್ಷ್ರು ಮಾತಾಡ್ತಾರಂತೆ,” ಎಂದಳು ರೋಜಾ. “ಮೊದ್ಲು ಪಂಚೆ ಗಟ್ಟಿಯಾಗಿ ಕಟ್ಕಳ್ರಿ.”

ಸುದ್ದಿ ನನಗಿಂತ ಮೊದಲೇ ಮನೆ ಸೇರಿತ್ತು.

ಬೆಳಿಗ್ಗೆ ಕಾರು ಬಂತು. ನಾನು ಅದುವರೆಗೆ ದುರ್ಗಕ್ಕೆ ಹೋದದ್ದೆಲ್ಲ ಬಸ್ಸಿನಲ್ಲಿ, ಅದೂ ನಿಂತುಕೊಂಡು. ಕಾರಿನ ಕಿಟಕಿಯಿಂದ ಕೋಟೆಯ ಬಂಡೆ ಚೆನ್ನಾಗಿ ಕಂಡಿತು. ನೋಡಿ ಖುಷಿಯಾಯಿತು. ಖುಷಿಯಾದದ್ದಕ್ಕೆ ನಾಚಿಕೆಯಾಯಿತು. ನಾಚಿಕೆ ಮುಗಿಯುವಷ್ಟರಲ್ಲಿ ಹೋಟೆಲು ಬಂತು.

ಕಾವ್ಯ ಬಾಗಿಲಲ್ಲೇ ಕಾಯುತ್ತಿದ್ದಳು. ನನ್ನ ಕಂಬಳಿಯನ್ನು ನೋಡಿ ಬಸವೇಶ್ ಮೂಗು ಮುರಿದ. ಅದರಿಂದ ಕುರಿಯ ವಾಸನೆ ಬರುತ್ತಿತ್ತು. ಅಂಗಡಿಯಿಂದ ತಂದ ಹೊಸ ಕಂಬಳಿ ಕೊಟ್ಟರು, ಒಂದು ಕೋಲು ಕೊಟ್ಟರು. ಕುರಿಗಾರನಿಗೆ ಕುರಿಗಾರನ ವೇಷ ಹಾಕಿಸಿ ಮುಂದಿನ ಸಾಲಿನಲ್ಲಿ ಕೂರಿಸಿದರು. ಒಳಗೆ ಏಸಿ ಹಾಕಿದ್ದರು. ಭೂಮಿ ಕಾಯುತ್ತಿರುವ ಬಗ್ಗೆ ಮಾತಾಡಲು ಬಂದವರೆಲ್ಲ ಕೋಟು ಹಾಕಿಕೊಂಡಿದ್ದರು. ನನಗೂ ಚಳಿಯಾಗಿ ಕಂಬಳಿ ಬಿಗಿಯಾಗಿ ಸುತ್ತಿಕೊಂಡೆ.

ವೇದಿಕೆಯ ಹಿಂದೆ ಬ್ಯಾನರಿತ್ತು. ‘ಹವಾಮಾನ ನ್ಯಾಯ ಮತ್ತು ಮೂಲನಿವಾಸಿಗಳ ಹಕ್ಕು.’ ಕೆಳಗೆ ಸಾಲಾಗಿ ಕುರ್ಚಿಗಳು. ನಡುವೆ ಹೊರದೇಶದಿಂದ ಬಂದ ಒಬ್ಬ ಹೆಂಗಸು, ಬಿಳಿ ಕೂದಲು, ಮುಖದ ತುಂಬ ನಗು. ಅವಳ ಪಕ್ಕದಲ್ಲಿ ನಮ್ಮ ಅರ್ಜಿ ನೋಡುವ ಸಮಿತಿಯ ಸಾಹೇಬರು.

ನಿರೂಪಕ ಮೈಕು ಹಿಡಿದು, “ಈಗ ಬೋರನಗುಡ್ಡದ ಆದಿವಾಸಿ ನಾಯಕರು, ಕಾಡಿನ ಮಗ ಶ್ರೀ ಪರಮೇಶ್ ಅವರು,” ಎಂದ.

ಚಪ್ಪಾಳೆ ಬಿತ್ತು. ನನಗಾಗಿ ಚಪ್ಪಾಳೆ ಬಿದ್ದದ್ದು ಜೀವಮಾನದಲ್ಲಿ ಅದೇ ಮೊದಲು. ಇಡೀ ಸಭೆ ನನ್ನನ್ನೇ ನೋಡುತ್ತಿತ್ತು. ಮೀಸೆ ತಿರುವಿದೆ. ಕೈ ತಾನಾಗಿ ಹೋಯಿತು, ಏನು ಮಾಡಲಿ. ಬರೆದುಕೊಟ್ಟ ಹಾಳೆ ಬಿಚ್ಚಿ ಓದತೊಡಗಿದೆ. ಕಾವ್ಯ ಪಕ್ಕದಲ್ಲಿ ನಿಂತು ಇಂಗ್ಲಿಷಿಗೆ ಮಾಡುತ್ತ ಹೋದಳು. ಪ್ರಕೃತಿಮಾತೆ, ಪರಂಪರೆ, ಇಂಗಾಲ, ಸಹಭಾಗಿತ್ವ. ಕೆಲವು ಪದ ನನ್ನ ನಾಲಗೆಗೆ ಹತ್ತಲಿಲ್ಲ. ಪಿಯುಸಿ ಯಾಕೆ ಫೇಲಾದೆನೆಂದು ಅಲ್ಲಿ ಸರಿಯಾಗಿ ಅರ್ಥವಾಯಿತು.

ಆಮೇಲೆ ಆ ಸಾಲು ಬಂತು. ‘ನಮ್ಮ ಹಟ್ಟಿಯ ಸಮಸ್ತ ಜನರು ಸ್ವಇಚ್ಛೆಯಿಂದ ಬೋರನಗುಡ್ಡದ ಮೇವಿನ ಹಕ್ಕನ್ನು ಬಿಟ್ಟುಕೊಟ್ಟಿದ್ದೇವೆ.’

‘ನಮ್ಮ ಹಟ್ಟಿಯ ಸಮಸ್ತ ಜನರು’ ಎಂದೆ. ನಿಂತೆ.

ಧೈರ್ಯ ಬಂತು ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ಬರಲಿಲ್ಲ. ಅವ್ವನ ಬೆರಳಿನ ತುದಿ ಕಣ್ಣ ಮುಂದೆ ಬಂತು. ದೊಡ್ಡಿಯಲ್ಲಿ ಒದ್ದಾಡುತ್ತಿರುವ ಕುರಿಗಳೂ ಬಂದವು. ಓದಿದರೆ ಕುರಿ ಸಿಗುತ್ತವೆ, ಓದದಿದ್ದರೆ ಕೇಸು. ಓದೋಣ ಎಂದೇ ಬಾಯಿ ತೆರೆದೆ. ಆ ಮಾತು ಹೊರಗೆ ಬರಲಿಲ್ಲ. ಕೆಮ್ಮು ಬಂತು. ಯಾರೋ ನೀರಿನ ಬಾಟಲಿ ಕೊಟ್ಟರು. ಮುಚ್ಚಳ ತೆಗೆಯಲು ಬರಲಿಲ್ಲ.

ಬಾಟಲಿ ಹಿಡಿದುಕೊಂಡೇ ಸಾಹೇಬರ ಕಡೆ ತಿರುಗಿದೆ. “ಸಾರ್, ನಮ್ಮ ಅರ್ಜಿ ನೋಡ್ದಾಗ ನೀವು ಬುಡಕಟ್ಟಲ್ಲ ಅಂದ್ರಿ. ಇಲ್ಲಿ ನನ್ನ ಆದಿವಾಸಿ ಅಂತ ಕೂಗ್ಯಾರೆ. ಈ ಕಂಬಳಿ ಬಿಚ್ಚಿಟ್ಟ ಮ್ಯಾಲೆ ನಾನು ಏನಾಗ್ತೀನಿ, ಒಸಿ ಹೇಳಿಬಿಡ್ರಿ.”

ಸಭೆ ನಕ್ಕಿತು. ಸಾಹೇಬರೂ ನಕ್ಕರು. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರು. ನನ್ನ ಮುಖದ ದೋಷ ಅದು. ಸತ್ತ ಸುದ್ದಿ ಹೇಳಿದರೂ ಜನ ನಗುತ್ತಾರೆ.

“ನಾವು ಬಿಟ್ಕೊಟ್ಟಿಲ್ಲ,” ಎಂದೆ. “ಬೇಲಿ ಹಾಕಿ ಕಿತ್ಕಂಡ್ರು. ನಿನ್ನೆ ನನ್ನ ಕುರಿ ಹಿಡ್ಕಂಡು, ಇಲ್ಲಿ ಬಂದು ಇದನ್ನ ಓದು ಅಂತ ಕಳ್ಸ್ಯಾರೆ. ನಮ್ಮಪ್ಪನ ಕಲ್ಲು ಕಿತ್ತು ಕಟ್ಟೆ ಕಟ್ಯಾರೆ. ನಾನು ಓದಲ್ಲ.”

ನಗು ನಿಂತಿತು. ಬಸವೇಶ್ ಕೆಳಗಿನಿಂದ ಕಾವ್ಯಳಿಗೆ ಕಣ್ಣು ಮಾಡಿದ. ಕಾವ್ಯ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ನನ್ನ ಮಾತು ಉದ್ದವಿತ್ತು, ಅವಳದು ತೀರಾ ಚಿಕ್ಕದು. ಬಿಳಿ ಕೂದಲಿನ ಹೆಂಗಸು ತಲೆಯಾಡಿಸಿ ಚಪ್ಪಾಳೆ ತಟ್ಟಿದಳು. ಅವಳನ್ನು ನೋಡಿ ಎಲ್ಲರೂ ತಟ್ಟಿದರು.

ನನ್ನ ಬಂಡಾಯಕ್ಕೆ ಚಪ್ಪಾಳೆ. ಏನು ಮಾಡುವುದೆಂದು ತೋಚಲಿಲ್ಲ. ಬಾಟಲಿಯನ್ನು ನೆಲದ ಮೇಲಿಟ್ಟೆ. ಹಾಳೆಯನ್ನು ಅದರ ಕೆಳಗಿಟ್ಟೆ. ಕಂಬಳಿ ಬಿಚ್ಚಿದೆ. ಪಂಚೆ ಗಟ್ಟಿಯಾಗಿದೆಯೇ ನೋಡಿಕೊಂಡೆ. ಎರಡೂ ಕಿವಿ ಹಿಡಿದು ಬಸ್ಕಿ ಹೊಡೆಯತೊಡಗಿದೆ.

ಮೊದಲು ಕೆಲವರು ಫೋನು ಎತ್ತಿ ಹಿಡಿದರು. ನಮ್ಮ ಜನಪದ ಕುಣಿತ ಇರಬೇಕು ಎಂದುಕೊಂಡರೋ ಏನೋ, ಹಿಂದಿನ ಸಾಲಿನ ಒಬ್ಬರು ತಾಳಕ್ಕೆ ತಟ್ಟಿದರು. ನಾನು ನಿಲ್ಲಿಸಲಿಲ್ಲ. ಏಳುವುದು, ಕೂರುವುದು. ನಿನ್ನೆಯ ಮಂಡಿ, ನಿನ್ನೆಗಿಂತ ಜೋರಾಗಿ ಚಟಗುಟ್ಟಿತು. ಮೈಕಿಗೆ ಅದೂ ಕೇಳಿಸಿತು. ಬೆವರು ಮೀಸೆಯಿಂದ ತೊಟ್ಟಿಕ್ಕಿತು. ಚಪ್ಪಾಳೆ ಕಡಿಮೆಯಾಯಿತು, ಆಮೇಲೆ ಪೂರ್ತಿ ನಿಂತಿತು. ಕಿವಿ ಹಿಡಿಸುವುದು ಎಂದರೆ ಏನೆಂದು ಆ ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಹೆಂಗಸಿಗೆ ಮಾತ್ರ ಗೊತ್ತಿರಲಿಲ್ಲ. ಅವಳು ಕಾವ್ಯಳ ಮುಖ ನೋಡಿದಳು.

“ಅಣ್ಣ, ಸಾಕು,” ಎಂದಳು ಕಾವ್ಯ. ಅವಳ ಕಣ್ಣು ಕೆಂಪಾಗಿತ್ತು. “ನಿಲ್ಸಣ್ಣ. ಹೇಳ್ತೀನಿ.”

ಮೈಕಿನ ಕಡೆ ತಿರುಗಿ ಹೇಳಿದಳು. ಈ ಸಲ ಬಹಳ ಹೊತ್ತು ಹೇಳಿದಳು. ನನಗೆ ಅದರಲ್ಲಿ ‘ಶೀಪ್’ ಎಂಬುದೊಂದು ತಿಳಿಯಿತು. ಅರ್ಧದಲ್ಲಿ ಯಾರೋ ಮೈಕು ಆರಿಸಿದರು. ಅವಳು ಕೂಗಿ ಹೇಳಿದಳು. ಬಿಳಿ ಕೂದಲಿನ ಹೆಂಗಸಿನ ಮುಖದಿಂದ ನಗು ಇಳಿದುಹೋಯಿತು. ಅವಳು ಎದ್ದು ಸಾಹೇಬರನ್ನು ಏನೋ ಕೇಳಿದಳು. ಸಾಹೇಬರು ನೀರು ಕುಡಿದರು.

ನನ್ನನ್ನು ಹಿಂದಿನ ಬಾಗಿಲಿನಿಂದ ಕಳಿಸಿದರು. ಊಟದ ಕೋಣೆ ಅದೇ ದಾರಿಯಲ್ಲಿತ್ತು. ಹೋಳಿಗೆಯ ವಾಸನೆ ಬಂತು. ಊಟ ಆದ ಮೇಲೆ ಕ್ರಾಂತಿ ಮಾಡಬಹುದಿತ್ತು ಎಂದು ಅನಿಸಿತು. ಹೊರಗೆ ಕಾರು ಇರಲಿಲ್ಲ. ಶಾಲು ಮೇಜಿನ ಮೇಲೆಯೇ ಉಳಿಯಿತು.

ಕಾವ್ಯ ಬಸ್‌ಸ್ಟ್ಯಾಂಡಿನವರೆಗೂ ಬಂದಳು. “ಮೊದ್ಲು ನಾನು ಸರಿಯಾಗಿ ಹೇಳ್ಲಿಲ್ಲ,” ಎಂದಳು.

“ಆಮೇಲೆ ಹೇಳಿದ್ಯಲ್ಲ.”

“ಕೆಲ್ಸ ಹೋತು.”

“ನಂದೂ ಹೋತು,” ಎಂದೆ. “ಅಧ್ಯಕ್ಷಗಿರಿ.”

ಇಬ್ಬರೂ ನಕ್ಕೆವು. ಅವಳು ಟೀ ಕೊಡಿಸಿದಳು. ನಾನು ಹೊಸದುರ್ಗದ ಬಸ್ಸು ಹತ್ತಿದೆ. ನಿಂತುಕೊಂಡೇ ಬಂದೆ.

ದಾರಿಯುದ್ದಕ್ಕೂ ಹಟ್ಟಿಗೆ ಹೋಗಿ ಏನು ಹೇಳಬೇಕೆಂದು ಯೋಚಿಸಿದೆ. ಜನರನ್ನು ಸೇರಿಸುವುದು. ಬೇವಿನ ಮರದ ಕೆಳಗೆ ನಿಂತು ಮಾತಾಡುವುದು. ಏಳಿ, ಕುರಿ ಬಿಡಿಸಾಣ ನಡೀರಿ ಎನ್ನುವುದು. ಬಸ್ಸು ಇಳಿಯುವ ಹೊತ್ತಿಗೆ ಭಾಷಣ ಬಾಯಿಗೆ ಬಂದಿತ್ತು.

ಹೊತ್ತು ಇಳಿಯುತ್ತಿತ್ತು. ಹಟ್ಟಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಗುಡ್ಡದ ಕಡೆಯಿಂದ ದನಿ ಕೇಳಿತು. ತಲೆ ಎತ್ತಿ ನೋಡಿದರೆ ಬೇಲಿ ಒಂದು ಕಡೆ ಮಲಗಿತ್ತು. ಅದರಾಚೆ ಹಟ್ಟಿಯ ಹೆಂಗಸರು ಸಾಲಾಗಿ ಗುಡ್ಡ ಹತ್ತುತ್ತಿದ್ದರು. ಒಬ್ಬೊಬ್ಬರ ತಲೆಯ ಮೇಲೂ ಸಿಂಬಿ, ಸಿಂಬಿಯ ಮೇಲೆ ಕಲ್ಲು. ಅವರ ಮುಂದೆ ನನ್ನ ಕುರಿಗಳು.

ನಾನು ದುರ್ಗದಲ್ಲಿ ಬಂಡಾಯ ಮಾಡಿ ಬರುವಷ್ಟರಲ್ಲಿ ಇವರು ಅರ್ಧ ಕೆಲಸ ಮುಗಿಸಿದ್ದರು.

ನಡೆದದ್ದನ್ನು ರೋಜಾ ಹತ್ತುತ್ತ ಹತ್ತುತ್ತಲೇ ಹೇಳಿದಳು. ನಾನು ಕಾರು ಹತ್ತಿದ ಮೇಲೆ ಅವ್ವ ಎದ್ದು ಹೋಗಿ ಕಟ್ಟೆಯ ಮೇಲೆ ಕೂತಿದ್ದಳು. ಕೆಲಸದವರು ಏಳಜ್ಜಿ ಎಂದರೆ, “ನನ್ನ ಗಂಡನ ಮ್ಯಾಲೆ ಸಿಮೆಂಟ್ ಹಾಕ್ತೀರಾ? ಹಾಕ್ರಿ, ನನ್ನೂ ಸೇರ್ಸಿ ಹಾಕ್ರಿ,” ಎಂದಳಂತೆ. ಗುಂಡಿ ತೋಡಲು ಬಂದ ಹೆಂಗಸರು ಗುದ್ದಲಿ ಕೆಳಗಿಟ್ಟರು. ರೋಜಾ ಹಾರೆ ತೆಗೆದುಕೊಂಡು ಹೋಗಿ ಮೊದಲ ಕಲ್ಲು ಮೀಟಿದಳು. ಮಿಕ್ಕವರು ಎತ್ತಿದರು.

“ಕುರಿ? ದೊಡ್ಡಿಗೆ ಬೀಗ ಹಾಕಿರ್ಲಿಲ್ವಾ?”

“ಮಾರುತೇಶನ್ನ ಕೇಳ್ರಿ.”

ಮಾರುತೇಶ ಸಾಲಿನ ಕೊನೆಗಿದ್ದ. ಖಾಕಿ ಅಂಗಿಯ ಮೇಲೇ ಒಂದು ದೊಡ್ಡ ಕಲ್ಲು ಹೊತ್ತಿದ್ದ. “ಬೀಗ ತಗಿ ಅಂದ್ರು ಅತ್ತಿಗೆ. ನಾನು ತಗಿಯಂಗಿಲ್ಲ, ಕೆಲ್ಸ ಹೋಗ್ತೈತೆ ಅಂದೆ. ಆದ್ರೆ ರಾತ್ರಿ ಹಾಕಾದೇ ಮರ್ತಿದ್ನೇನೋ ಅಣ್ಣ,” ಎಂದ.

ನಾನು ಬಾಯಿಗೆ ಬಂದಿದ್ದ ಭಾಷಣ ನುಂಗಿಕೊಂಡೆ. ಕೆಳಗೆ ಹೋಗಿ ಒಂದು ಕಲ್ಲು ಹೊತ್ತೆ. ಕುರಿಗಾರನ ಹೆಗಲಿಗೆ ಕಲ್ಲು ಹೊಸದಲ್ಲ, ಅಧ್ಯಕ್ಷನ ಹೆಗಲಿಗೆ ಹೊಸದು. ನಡುದಾರಿಯಲ್ಲಿ ಕೂತುಬಿಟ್ಟೆ. ಅವ್ವ ನನ್ನನ್ನು ದಾಟಿ ಹೋದಳು. ಅವಳ ತಲೆಯ ಮೇಲೆ ಅಪ್ಪನ ಕಲ್ಲಿತ್ತು. ಅದನ್ನು ಬೇರೆ ಯಾರಿಗೂ ಕೊಡಲಿಲ್ಲ. ಕುತ್ತಿಗೆಯ ನರ ಹಗ್ಗದ ಹಾಗೆ ಎದ್ದಿತ್ತು. ಎರಡು ಹೆಜ್ಜೆಗೊಮ್ಮೆ ನಿಂತು, ಉಸಿರು ಎಳೆದುಕೊಂಡು, ಮತ್ತೆ ಹತ್ತುತ್ತಿದ್ದಳು. ಕೈ ಚಾಚಿದೆ. “ನಿನ್ನ ಕಲ್ಲು ನೀನು ನೋಡ್ಕ,” ಎಂದಳು.

ಆಮೇಲೆ ಆಗಬೇಕಾದ್ದೆಲ್ಲ ಆಯಿತು. ಅವ್ವ, ರೋಜಾ, ಮಾರುತೇಶ, ಮಿಕ್ಕ ಹೆಂಗಸರೆಲ್ಲರ ಮೇಲೆ ಕೇಸಾಯಿತು. ನನ್ನ ಹೆಸರಿರಲಿಲ್ಲ. ನಾನು ಸ್ಥಳದಲ್ಲಿ ಇರಲಿಲ್ಲವಂತೆ. ಸ್ಟೇಷನ್ನಿಗೆ ಹೋಗಿ ನನ್ನ ಹೆಸರನ್ನೂ ಸೇರಿಸಿರಿ ಎಂದು ಕೇಳಿದೆ. “ಏನಪ್ಪ, ಇದೇನು ಮದುವೆ ಊಟನಾ, ನೀನಾಗೇ ಬಂದು ಎಲೆ ಹಾಕ್ಸಿಕೊಳ್ಳಾಕೆ?” ಎಂದು ಪೊಲೀಸಿನವರು ಬೈದು ಕಳಿಸಿದರು. ಹಟ್ಟಿಯಲ್ಲಿ ಕೇಸಿಲ್ಲದ ಅಧ್ಯಕ್ಷ ಎಂದು ನನಗೆ ಹೊಸ ಹೆಸರು ಬಂತು. ಮಾರುತೇಶನ ಕೆಲಸ ಹೋಯಿತು. ನನ್ನನ್ನು ಅರಣ್ಯ ಸಮಿತಿಯಿಂದ ತೆಗೆದರು. ಹೊರದೇಶದವರು ಹಟ್ಟಿಯ ಒಪ್ಪಿಗೆ ಸರಿಯಾಗಿ ತಿಳಿಯುವವರೆಗೆ ದುಡ್ಡು ಕೊಡುವುದಿಲ್ಲ ಎಂದರಂತೆ. ಗಿಡಕ್ಕೆ ನೀರು ಹಾಕುವುದು ನಿಂತಿತು. ಬಸವೇಶ್ ಹೊಳಲ್ಕೆರೆಗೆ ಹೋದ. ಬೇಲಿ ಮಾತ್ರ ಹಾಗೇ ಇದೆ, ಮಲಗಿದ್ದ ಕಡೆ ಮಲಗಿಕೊಂಡು.

ಕೊನೆಗೆ ಅರ್ಜಿಯ ಸಾಹೇಬರು ಗುಡ್ಡ ನೋಡಲು ಬಂದರು. ಜೊತೆಗೆ ಇಬ್ಬರು ಮೂವರು ಕಚೇರಿಯವರು. ಹತ್ತುವಷ್ಟರಲ್ಲಿ ಸಾಹೇಬರಿಗೆ ಏದುಸಿರು ಬಂದಿತ್ತು. ರೊಪ್ಪದ ಗೋಡೆ ನೋಡಿದರು, ಮುಟ್ಟಿ ನೋಡಿದರು, ಹಿರಿಯರ ಕಲ್ಲುಗಳ ಸುತ್ತ ಒಂದು ಸುತ್ತು ಬಂದರು.

“ಇದು ಹಳೆಯದು ಅಂತ ಹೇಗೆ ಬರೆಯಲಿ?” ಎಂದರು. “ಮೊನ್ನೆ ಮೊನ್ನೆ ಕಟ್ಟಿದ ಹಾಗಿದೆಯಲ್ಲ.”

ಅವ್ವ ಗೋಡೆಗೆ ಒರಗಿ ಕೂತಿದ್ದಳು. ಏಳಲಿಲ್ಲ. “ಮೊನ್ನೆ ಕಟ್ಟಿದ್ದೇ ಸಾಮಿ. ಅದಕ್ಕೂ ಮೊದ್ಲು ಕೆಡವಿದ್ರು. ಇಲ್ದಿದ್ದನ್ನ ಕೆಡವಾಕೆ ಆಗ್ತೈತಾ?”

ಸಾಹೇಬರು ಜೊತೆಯವರ ಮುಖ ನೋಡಿದರು. ಅವರು ಗುಡ್ಡದಾಚೆಯ ಹಿನ್ನೀರು ನೋಡುತ್ತಿದ್ದರು.

“ಆಯ್ತು, ಸಮಿತಿಯ ಮುಂದೆ ಇಡ್ತೀನಿ. ಅಲ್ಲಿ ತೀರ್ಮಾನ ಆಗಲಿ,” ಎಂದರು. “ಆಗೋವರೆಗೂ ಯಾರೂ ಕುರಿ ಒಳಗೆ ಬಿಡಬಾರದು.” ನನ್ನ ಕಡೆ ತಿರುಗಿದರು. ಅವರಿಗೆ ಗುರುತು ಸಿಕ್ಕಿತು. “ನೀವು ಅಧ್ಯಕ್ಷರಲ್ವಾ? ನೀವಾದರೂ ಇವರಿಗೆ ಹೇಳಿ.”

“ಅಧ್ಯಕ್ಷ ಅಲ್ಲ ಸಾರ್,” ಎಂದೆ. “ತಗ್ದಾಕಿದ್ರು.”

ಬಿಸಿಲು ಇಳಿದಿತ್ತು. ಇಳಿಜಾರಿನಿಂದ ಕುರಿಗಳು ಬರುತ್ತಿದ್ದವು. ಹಿಂದೆ ರೋಜಾಳ ದನಿ ಕೇಳುತ್ತಿತ್ತು. ಸಾಹೇಬರು ರೊಪ್ಪದ ಬಾಯಲ್ಲಿ ನಿಂತಿದ್ದರು, ಸೊಂಟದ ಮೇಲೆ ಕೈಯಿಟ್ಟ ಜೊತೆಯವರ ನಡುವೆ. ಅವ್ವ ನನ್ನನ್ನು ನೋಡಿದಳು. ಎರಡು ಹೆಜ್ಜೆ ಮುಂದೆ ಹೋದೆ. ಮಂಡಿಯ ಮೇಲೆ ನನಗೆ ಯಾವತ್ತೂ ಭರವಸೆ ಇರಲಿಲ್ಲ.

“ಸಾರ್,” ಎಂದೆ, “ಒಸಿ ಪಕ್ಕಕ್ಕೆ ನಿಂತ್ಕಳ್ರಿ. ಕುರಿ ಬರ್ತಾ ಅವೆ.”

ದನಿ ನನ್ನದೇ. ನಡುಗುತ್ತಿತ್ತು, ಆದರೆ ಕೇಳುವಷ್ಟು ಜೋರಾಗಿತ್ತು.

ಸಾಹೇಬರು ನನ್ನ ಮುಖ ನೋಡಿದರು. ಈ ಸಲ ಯಾರೂ ನಗಲಿಲ್ಲ. ಮೊದಲ ಟಗರು ಅವರ ಪ್ಯಾಂಟಿಗೆ ಮೈ ಉಜ್ಜಿತು. ಅವರು ಪಕ್ಕಕ್ಕೆ ಸರಿದರು. ಕುರಿಗಳು ಒಳಗೆ ಹೋದವು.